ಕುದುರೆಯ ಬೆನ್ನು, ಕೀಲು, ಕಾಲು: ಕೊಡಗಿನಲ್ಲಿ ಕುದುರೆ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಕುದುರೆ ಇರುವುದು ಕೆಲವು ಹೋಂಸ್ಟೇ, ರೆಸಾರ್ಟ್, ಸವಾರಿ ಶಾಲೆ ಮತ್ತು ತೋಟದ ಮನೆಗಳಲ್ಲಿ ಮಾತ್ರ. ದನಕ್ಕೆ ಊರೂರಲ್ಲಿ ಸಿಗುವ ಸಲಹೆ ಕುದುರೆಗೆ ಸಿಗುವುದಿಲ್ಲ. ಆಸ್ಟಿಯೋಪತಿ ಮಾಡಿಸೋಣವೇ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಬೆನ್ನು ಹಿಡಿದಿದೆ ಎನ್ನುವ ಕುದುರೆಯಲ್ಲಿ ತೊಂದರೆಯ ಬೇರು ಎಷ್ಟೋ ಸಲ ಗೊರಸಿನಲ್ಲೋ ಜೀನಿನಲ್ಲೋ ಮೇವಿನಲ್ಲೋ ಇರುತ್ತದೆ. ಅವನ್ನು ನೋಡದೆ ಬೆನ್ನಿಗೆ ಕೈ ಹಾಕಿದರೆ ಹಣವೂ ಹೋಗುತ್ತದೆ, ಕುದುರೆಯ ನೋವೂ ಉಳಿಯುತ್ತದೆ.

ಆಸ್ಟಿಯೋಪತಿ ಎಂದರೆ ಏನು? ಕುದುರೆಗೆ ಅದನ್ನು ಹೇಗೆ ಮಾಡುತ್ತಾರೆ?

ಕೈಯಿಂದಲೇ ಮುಟ್ಟಿ ಪರೀಕ್ಷಿಸಿ, ಬಿಗಿಯಾದ ಸ್ನಾಯುಗಳನ್ನೂ ಸರಿಯಾಗಿ ಆಡದ ಕೀಲುಗಳನ್ನೂ ಸಡಿಲಿಸುವ ಚಿಕಿತ್ಸೆ ಇದು. ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಇದನ್ನು ಮನುಷ್ಯರಿಗಾಗಿ ಮುಂದಿಟ್ಟರು. 1892ರಲ್ಲಿ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ಶುರುವಾಯಿತು. ಕುದುರೆಗೆ ಇದನ್ನು ಅಳವಡಿಸಿದವರಲ್ಲಿ ಫ್ರಾನ್ಸಿನ ಪಶುವೈದ್ಯ ಡೊಮಿನಿಕ್ ಜಿನಿಯೋ ಅವರ ಹೆಸರು ಮೊದಲ ಸಾಲಿನಲ್ಲಿದೆ.

ಕುದುರೆಯ ಮೈಯಲ್ಲಿ ಸುಮಾರು 205 ಮೂಳೆಗಳಿವೆ. ಬೆನ್ನೆಲುಬಿನಲ್ಲಿ ಕುತ್ತಿಗೆಗೆ 7, ಎದೆಭಾಗಕ್ಕೆ 18, ಸೊಂಟಕ್ಕೆ 6, ಅದರ ಹಿಂದೆ ಒಂದಕ್ಕೊಂದು ಬೆಸೆದುಕೊಂಡ 5, ಆಮೇಲೆ ಬಾಲದ ಮೂಳೆಗಳು. ಕುದುರೆಗೆ ಕೊರಳೆಲುಬು ಇಲ್ಲ. ಮುಂಗಾಲುಗಳ ನಡುವೆ ಎದೆಗೂಡು ಸ್ನಾಯುಗಳ ಬಲದಿಂದಲೇ ತೂಗಿಕೊಂಡಿರುತ್ತದೆ, ಮೈತೂಕದ ಸುಮಾರು ಶೇ 60 ಬೀಳುವುದೂ ಮುಂಗಾಲಿನ ಮೇಲೆಯೇ. ಆದ್ದರಿಂದ ಮುಂಗೊರಸು ನೊಂದರೆ ಭುಜ ಬಿಗಿಯುತ್ತದೆ, ಭುಜ ಬಿಗಿದರೆ ಬೆನ್ನು ಕುಸಿಯುತ್ತದೆ. ಅನುಭವಿ ಚಿಕಿತ್ಸಕರು ನೋವಿರುವ ಜಾಗಕ್ಕೆ ಹೋಗುವ ಮೊದಲು ಇಡೀ ಕುದುರೆಯನ್ನು ನೋಡುವುದು ಇದೇ ಕಾರಣಕ್ಕೆ.

"ಬೆನ್ನಿನ ಮೂಳೆ ಜಾರಿದೆ, ಕೂರಿಸಬೇಕು" ಎನ್ನುತ್ತಾರೆ. ನಿಜವೇ?

ನಿಜವಲ್ಲ. ಕುದುರೆಯ ಬೆನ್ನೆಲುಬನ್ನು ದಪ್ಪ ಅಸ್ಥಿರಜ್ಜುಗಳೂ ಅಂಗೈ ಅಗಲದ ಸ್ನಾಯುಗಳೂ ಹಿಡಿದಿಟ್ಟಿರುತ್ತವೆ. ಒಂದು ಮೂಳೆ ಜಾಗ ಬಿಟ್ಟು ಸರಿಯಿತೆಂದರೆ ಬೆನ್ನುಹುರಿಗೇ ಪೆಟ್ಟು ಬಿದ್ದಿದೆ ಎಂದು ಅರ್ಥ. ಅಂಥ ಕುದುರೆ ನಿಮ್ಮ ಎದುರು ನಿಂತಿರುವುದಿಲ್ಲ. ಕೈಚಿಕಿತ್ಸೆಯಿಂದ ಬದಲಾಗುವುದು ಸ್ನಾಯುವಿನ ಬಿಗಿತ, ಕೀಲು ಆಡುವ ಅಳತೆ ಮತ್ತು ನರಗಳು ನೋವನ್ನು ಗ್ರಹಿಸುವ ರೀತಿ. "ಟಕ್" ಎಂಬ ಸದ್ದು ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಉಂಟಾಗುವುದರಿಂದ ಬರುತ್ತದೆ. ಮೂಳೆ ಕೂತ ಸದ್ದು ಅದಲ್ಲ.

ಮರದ ಸುತ್ತಿಗೆಯಿಂದ ಹೊಡೆಯುವವರನ್ನು, ಕಾಲಿಗೆ ಹಗ್ಗ ಕಟ್ಟಿ ಜಗ್ಗುವವರನ್ನು, ಬಾಲ ಹಿಡಿದು ಎಳೆಯುವವರನ್ನು ಲಾಯದ ಒಳಗೆ ಬಿಡಬೇಡಿ.

ಇದು ಕೆಲಸ ಮಾಡುತ್ತದೆ ಎನ್ನಲು ಆಧಾರ ಇದೆಯೇ?

ಸ್ವಲ್ಪ ಇದೆ, ಸಾಕಷ್ಟು ಇಲ್ಲ. ಬೆನ್ನಿನ ಮೇಲೆ ಒತ್ತಡ ಅಳೆಯುವ ಉಪಕರಣ ಇಟ್ಟು ನೋಡಿದ ಕೆಲವು ಅಧ್ಯಯನಗಳಲ್ಲಿ, ಕೈಚಿಕಿತ್ಸೆಯ ನಂತರ ಕುದುರೆ ಹೆಚ್ಚು ಒತ್ತಡ ತಾಳಿಕೊಂಡದ್ದು ದಾಖಲಾಗಿದೆ. ಅವು ಚಿಕ್ಕ ಅಧ್ಯಯನಗಳು, ನೋಡಿದ ಅವಧಿಯೂ ಕಡಿಮೆ. ತಲೆಬುರುಡೆ ಅಥವಾ ಒಳಾಂಗಗಳ ಮೇಲೆ ಮೆಲ್ಲಗೆ ಕೈಯಿಟ್ಟು ಮಾಡುವ ವಿಧಾನಗಳಿಗೆ ಇರುವ ಆಧಾರ ತೀರಾ ತೆಳು. ವ್ಯಾಯಾಮದ ವಿಷಯದಲ್ಲಿ ಆಧಾರ ಇದಕ್ಕಿಂತ ಗಟ್ಟಿ, ಅದನ್ನು ಕೆಳಗೆ ವಿವರಿಸಿದ್ದೇವೆ. ನಮ್ಮ ಅಭಿಪ್ರಾಯದಲ್ಲಿ ಸ್ನಾಯು ಬಿಗಿತಕ್ಕೆ, ಗಾಯ ವಾಸಿಯಾದ ಮೇಲಿನ ಚೇತರಿಕೆಗೆ ಕೈಚಿಕಿತ್ಸೆ ಒಳ್ಳೆಯ ಜೊತೆಗಾರ. ರೋಗ ಪತ್ತೆ ಮಾಡುವ ಕೆಲಸ ಅದರದ್ದಲ್ಲ.

ಯಾರು ಮಾಡಬಹುದು? ಪ್ರಮಾಣಪತ್ರ ನೋಡಿದರೆ ಸಾಕೇ?

ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ, 1984ರ ಪ್ರಕಾರ ಪ್ರಾಣಿಗೆ ವೈದ್ಯಕೀಯ ಮಾಡುವ ಹಕ್ಕು ನೋಂದಾಯಿತ ಪಶುವೈದ್ಯರದ್ದು. ಕುದುರೆ ಆಸ್ಟಿಯೋಪತಿಗೆ ನಮ್ಮಲ್ಲಿ ಪ್ರತ್ಯೇಕ ಸರ್ಕಾರಿ ನೋಂದಣಿ ಇಲ್ಲ. ಆದ್ದರಿಂದ ಪಶುವೈದ್ಯರು ಮೊದಲು ನೋಡಿ ಕಾರಣ ಹೇಳಲಿ, ಕೈಚಿಕಿತ್ಸೆ ಅವರ ಒಪ್ಪಿಗೆಯ ಮೇಲೆ ನಡೆಯಲಿ.

ಬಂದವರನ್ನು ಅಳೆಯಲು ಸುಲಭದ ದಾರಿ ಇದೆ. ಕುದುರೆಯನ್ನು ನಡೆಸಿ ನೋಡದೆ ನೇರವಾಗಿ ಬೆನ್ನಿಗೆ ಕೈ ಹಾಕುತ್ತಾರೆಯೇ? ಗೊರಸು ಎತ್ತಿ ನೋಡಿದರೇ? ಜೀನು ತರಿಸಿದರೇ? ಏನು ತಿನ್ನಿಸುತ್ತೀರಿ ಎಂದು ಕೇಳಿದರೇ? ಇವು ಯಾವುದನ್ನೂ ಮಾಡದವರ ಗೋಡೆಯ ಮೇಲೆ ಎಷ್ಟು ಪ್ರಮಾಣಪತ್ರ ಇದ್ದರೂ ಪ್ರಯೋಜನವಿಲ್ಲ.

ಯಾವ ಸ್ಥಿತಿಯಲ್ಲಿ ಕೈಚಿಕಿತ್ಸೆ ಮಾಡಿಸಲೇಬಾರದು?

ಕಾಲು ಊರಲಾಗದಷ್ಟು ಕುಂಟು, ಕೀಲಿನ ಹತ್ತಿರ ಗಾಯ, ಜ್ವರ, ಹೊಟ್ಟೆನೋವು, ಬಿದ್ದು ಏಳಲಾಗದಿರುವುದು, ನಡೆಯುವಾಗ ತೂರಾಡುವುದು: ಇವುಗಳಲ್ಲಿ ಯಾವುದಿದ್ದರೂ ಮೊದಲು ಪಶುವೈದ್ಯರು. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಗುದದ್ವಾರದಲ್ಲಿ ಅಳೆದ ತಾಪ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ಆರೋಗ್ಯವಾಗಿದ್ದಾಗಲೇ ವಾರಕ್ಕೊಮ್ಮೆ ಅಳೆದು ಬರೆದಿಟ್ಟರೆ ನಿಮ್ಮ ಕುದುರೆಯ ಸಹಜ ಲೆಕ್ಕ ಗೊತ್ತಿರುತ್ತದೆ.

ಮೂರು ಸ್ಥಿತಿಗಳನ್ನು ಬೆನ್ನುನೋವೆಂದು ತಪ್ಪು ತಿಳಿಯುವುದು ಹೆಚ್ಚು.

ಒಂದು, ಗೊರಸಿನೊಳಗಿನ ಉರಿಯೂತವಾದ ಲ್ಯಾಮಿನೈಟಿಸ್. ಕುದುರೆ ಮುಂಗಾಲನ್ನು ಮುಂದೆ ಚಾಚಿ, ತೂಕವನ್ನು ಹಿಂದಕ್ಕೆ ಹಾಕಿ ನಿಲ್ಲುತ್ತದೆ, ತಿರುಗಲು ಒಪ್ಪುವುದಿಲ್ಲ. ಗೊರಸಿನ ಮೇಲಿನ ಗಂಟಿನ ಹಿಂಬದಿ ಎರಡೂ ಪಕ್ಕ ಬೆರಳಿಟ್ಟರೆ ಸಹಜವಾಗಿ ಸಿಕ್ಕೂ ಸಿಗದಂತಿರುವ ನಾಡಿ ಈಗ ಜೋರಾಗಿ ಬಡಿಯುತ್ತದೆ. ಗೊರಸುಗಳನ್ನು ಐಸ್ ನೀರಿನಲ್ಲಿ ಇಡಿ, ಕಾಳು ನಿಲ್ಲಿಸಿ, ಮೆತ್ತನೆಯ ಹಾಸು ಹಾಕಿ. ನಡೆಸಬೇಡಿ.

ಎರಡು, ಕೆಲಸದ ನಡುವೆ ಅಥವಾ ಮುಗಿದ ಮೇಲೆ ಸೊಂಟ, ತೊಡೆಯ ಸ್ನಾಯುಗಳು ಹಲಗೆಯಂತೆ ಗಟ್ಟಿಯಾಗಿ ಕುದುರೆ ಬೆವರುತ್ತಾ ನಿಂತುಬಿಡುವುದು. ಸ್ನಾಯು ಒಡೆದು ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಅಪಾಯ. ಒಂದು ಹೆಜ್ಜೆಯನ್ನೂ ಇಡಿಸದೆ, ಉಜ್ಜದೆ, ನಿಂತಲ್ಲೇ ವೈದ್ಯರನ್ನು ಕರೆಸಬೇಕು.

ಮೂರು, ಕಚ್ಚುವ ನೊಣಗಳಿಂದ ಹರಡುವ ಸರ್ರಾ. ಬಿಟ್ಟು ಬಿಟ್ಟು ಬರುವ ಜ್ವರ, ಸೊರಗುವ ಮೈ, ಹೊಟ್ಟೆಯ ಕೆಳಗೂ ಕಾಲಿಗೂ ನೀರು ಇಳಿಯುವುದು, ಕೊನೆಗೆ ಹಿಂಗಾಲು ತೂರಾಡುವುದು ಇದರ ಲಕ್ಷಣ. ಹಿಂಭಾಗ ದುರ್ಬಲವಾಗಿದೆ ಎಂದು ವಾರಗಟ್ಟಲೆ ಮಾಲೀಸು ಮಾಡಿಸಿ, ರಕ್ತಪರೀಕ್ಷೆ ತಡವಾದರೆ ಕುದುರೆ ಕೈತಪ್ಪುತ್ತದೆ.

ಯಾವ ಕಾಲು ಕುಂಟುತ್ತಿದೆ ಎಂದು ತಿಳಿಯುವುದು ಹೇಗೆ?

ಸಮತಟ್ಟಾದ ಗಟ್ಟಿ ನೆಲ ಬೇಕು. ಇಳಿಜಾರಿನ ತೋಟದ ದಾರಿಯಲ್ಲಿ ಎಲ್ಲ ಕುದುರೆಯೂ ಕುಂಟಿದಂತೆಯೇ ಕಾಣುತ್ತದೆ. ಕೊಡಗಿನಲ್ಲಿ ಇದಕ್ಕೆ ಕಾಫಿ ಒಣಗಿಸುವ ಸಿಮೆಂಟು ಕಣಕ್ಕಿಂತ ಒಳ್ಳೆಯ ಜಾಗವಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಕಣ ತುಂಬಿರುತ್ತದೆ, ಆಗ ಊರಿನ ಶಾಲೆ ಮೈದಾನವೋ ನೇರವಾದ ಡಾಂಬರು ರಸ್ತೆಯ ತುಂಡೋ ನೋಡಿಕೊಳ್ಳಿ. ಕಣ ಒದ್ದೆಯಿದ್ದು ಪಾಚಿ ಹಿಡಿದಿದ್ದರೆ ಓಡಿಸಬೇಡಿ.

ಜೀನಿಲ್ಲದೆ, ಹಗ್ಗ ಸಡಿಲ ಬಿಟ್ಟು, ಒಬ್ಬರು 25–30 ಮೀಟರು ನೇರ ನಡೆಸಲಿ. ಆಮೇಲೆ ಅದೇ ದೂರ ಟ್ರಾಟ್ ಎಂಬ ಮಧ್ಯಮ ವೇಗದ ಓಟದಲ್ಲಿ ಓಡಿಸಲಿ. ಇನ್ನೊಬ್ಬರು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ನೋಡಿ ಮೊಬೈಲಿನಲ್ಲಿ ಚಿತ್ರೀಕರಿಸಲಿ. ಮುಂಗಾಲಿನ ಕುಂಟಾದರೆ, ನೋಯುವ ಕಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ, ಗಟ್ಟಿ ಕಾಲು ಮುಟ್ಟುವಾಗ ಕೆಳಗಿಳಿಯುತ್ತದೆ. ಹಿಂಗಾಲಾದರೆ ಸೊಂಟದ ಎರಡು ಮೂಳೆತುದಿಗಳಿಗೂ ಬಿಳಿ ಟೇಪು ಅಂಟಿಸಿ ಹಿಂದಿನಿಂದ ನೋಡಿ. ನೋಯುವ ಕಡೆಯದು ಹೆಚ್ಚು ಏರಿಳಿಯುತ್ತದೆ. ಎರಡೂ ಮುಂಗಾಲು ನೊಂದಿದ್ದರೆ ತಲೆ ಆಡುವುದೇ ಇಲ್ಲ, ಹೆಜ್ಜೆ ಗಿಡ್ಡವಾಗುತ್ತದೆ. "ಭುಜ ಬಿಗಿದಿದೆ" ಎಂದು ಜನ ಮೋಸಹೋಗುವುದು ಇಂಥ ಕುದುರೆಯಲ್ಲೇ.

ಬೆನ್ನು ನಿಜವಾಗಿ ನೋಯುತ್ತಿದೆ ಎಂದು ಹೇಗೆ ಪರೀಕ್ಷಿಸುವುದು?

ನಾಲ್ಕೂ ಕಾಲು ಸಮ ಊರಿ ನಿಲ್ಲಿಸಿ, ಅಂಗೈಯನ್ನು ಚಪ್ಪಟೆಯಾಗಿಟ್ಟು ಕಿವಿಯ ಹಿಂದಿನಿಂದ ಬಾಲದ ಬುಡದವರೆಗೆ ಸವರಿ. ಬಿಸಿ, ಊತ, ಕೂದಲು ಉದುರಿದ ಜಾಗ, ಬಿಳಿಗೂದಲು ಗುರುತಿಸಿ. ಬಳಿಕ ಬೆನ್ನೆಲುಬಿನಿಂದ ಐದಾರು ಸೆಂಟಿಮೀಟರು ಆಚೆ, ಉದ್ದಕ್ಕೂ ಹರಿದಿರುವ ಸ್ನಾಯುವನ್ನು ಬೆರಳಿನ ಮೆತ್ತೆಯಿಂದ ನಿಧಾನವಾಗಿ ಒತ್ತುತ್ತಾ ಬನ್ನಿ. ಉಗುರಿನಿಂದಲೋ ಪೆನ್ನಿನಿಂದಲೋ ಗೀರಿದರೆ ಆರೋಗ್ಯವಂತ ಕುದುರೆಯೂ ಬೆನ್ನು ತಗ್ಗಿಸುತ್ತದೆ, ಅದನ್ನು ನೋವೆಂದು ಎಣಿಸಬಾರದು. ಒಂದೇ ಜಾಗವನ್ನು ಮೂರು ಸಲ ಒತ್ತಿ ನೋಡಿ. ಬೆಚ್ಚಿದ್ದೇ ಕಾರಣವಾದರೆ ಮೂರನೆಯ ಸಲಕ್ಕೆ ಸುಮ್ಮನಾಗುತ್ತದೆ. ನೋವಿದ್ದರೆ ಪ್ರತಿಸಲವೂ ಕಿವಿ ಹಿಂದಕ್ಕೆ ಹಾಕುತ್ತದೆ, ಬಾಲ ಬೀಸುತ್ತದೆ, ಸ್ನಾಯು ಗಟ್ಟಿ ಮಾಡಿಕೊಳ್ಳುತ್ತದೆ.

ಜೀನು ಬಿಗಿಯುವಾಗ ಕಚ್ಚಲು ಬರುವುದು, ಹತ್ತಿದ ಕೂಡಲೇ ಬೆನ್ನು ಕೆಳಗೊತ್ತುವುದು, ಇಳಿಜಾರಿನಲ್ಲಿ ತಡೆದು ನಿಲ್ಲುವುದು, ಗೊರಸು ಕೆತ್ತುವಾಗ ಹಿಂಗಾಲು ಎತ್ತಿಹಿಡಿಯಲು ಬಿಡದಿರುವುದು ಕೂಡ ಸೂಚನೆಗಳೇ. ಇವನ್ನು ಹಟಮಾರಿತನ ಎಂದು ಹೊಡೆಯುವುದು ದೊಡ್ಡ ಅನ್ಯಾಯ.

ಮಳೆಗಾಲದಲ್ಲಿ ಬೆನ್ನು ಮುಟ್ಟಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಸರಿ ಇರುತ್ತದೆ. ಏಕೆ?

ಮೊದಲು ಚರ್ಮ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆನ್ನು ಒಣಗುವುದೇ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಹಿಡಿದು ಹಕ್ಕಳೆ ಕಟ್ಟುತ್ತದೆ. ಹಕ್ಕಳೆ ಎತ್ತಿದರೆ ಕೂದಲು ಕುಂಚದಂತೆ ಗೊಂಚಲಾಗಿ ಕಿತ್ತುಬರುತ್ತದೆ. ಅದರ ಮೇಲೆ ಜೀನು ಹಾಕಿದರೆ ಯಾವ ಕುದುರೆಯಾದರೂ ಬೆನ್ನು ತಗ್ಗಿಸುತ್ತದೆ. ಒಣ ಜಾಗದಲ್ಲಿ ಕಟ್ಟಿ, ಕ್ಲೋರ್‌ಹೆಕ್ಸಿಡಿನ್ ಇರುವ ದ್ರಾವಣದಿಂದ ತೊಳೆದು, ಹತ್ತು ನಿಮಿಷ ಬಿಟ್ಟು ಒರೆಸಿ ಪೂರ್ತಿ ಒಣಗಿಸಿ. ವಾಸಿಯಾಗುವವರೆಗೆ ಜೀನು ಬೇಡ, ಬ್ರಷ್ಷು ಮತ್ತು ಜೀನಿನ ಕೆಳಗಿನ ಬಟ್ಟೆಯನ್ನು ಇನ್ನೊಂದು ಕುದುರೆಗೆ ಬಳಸಬೇಡಿ. ಜಿಗಣೆ ಕಚ್ಚಿದ ಜಾಗ ಕಾಲಿನ ಸಂದಿಯಲ್ಲಿ ಕೀವಾಗಿ ಊದಿಕೊಳ್ಳುವುದೂ ಇದೇ ಕಾಲದಲ್ಲಿ. ಗದ್ದೆ, ತೊರೆಯ ಬದಿಯಿಂದ ಬಂದ ಮೇಲೆ ಕಾಲು ತೊಳೆದು, ಒರೆಸಿ, ಬೆರಳಾಡಿಸಿ ನೋಡುವುದು ದಿನದ ಕೆಲಸ.

ಎರಡನೆಯದು ಗೊರಸಿನ ಕೊಳೆರೋಗ. ಗೊರಸಿನ ತಳದ ನಡುವಿನ ತ್ರಿಕೋನದ ಸಂದಿಗಳಲ್ಲಿ ಕಪ್ಪು ಲೋಳೆ, ಸಹಿಸಲಾಗದ ವಾಸನೆ ಬಂದರೆ ಅದೇ. ನಡುಸಂದಿ ಆಳಕ್ಕೆ ಬಿರುಕು ಬಿಟ್ಟರೆ ಕುದುರೆ ಹಿಮ್ಮಡಿ ಊರದೆ ತುದಿಯಲ್ಲಿ ನಡೆಯುತ್ತದೆ, ತಿಂಗಳೊಳಗೆ ಭುಜವೂ ಬೆನ್ನೂ ಬಿಗಿಯುತ್ತವೆ. ದಿನಕ್ಕೆ ಎರಡು ಸಲ ಕೆದಕಿ, ತೊಳೆದು, ಒಣಗಿಸಿ, ಪೊವಿಡೋನ್ ಅಯೋಡಿನ್ ಹಚ್ಚಿ. ತೋಟದಲ್ಲಿ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತದ ಪುಡಿಯನ್ನು ಹಾಗೇ ತುಂಬುವವರಿದ್ದಾರೆ, ಅದು ಹಸಿ ಮಾಂಸವನ್ನು ಸುಡುತ್ತದೆ. ಎಲ್ಲಕ್ಕಿಂತ ದೊಡ್ಡ ಮದ್ದು ಒಣ ನೆಲ: ಚರಂಡಿ ತೆಗೆದ, ಜಲ್ಲಿ ಹಾಕಿದ, ಚಾವಣಿ ಇರುವ ನಿಲುದಾಣ.

ರಾತ್ರಿ ಚೆನ್ನಾಗಿದ್ದ ಕುದುರೆ ಬೆಳಿಗ್ಗೆ ಮೂರು ಕಾಲಲ್ಲಿ ನಿಂತಿದ್ದರೆ ಗೊರಸಿನೊಳಗೆ ಕೀವು ಇರುವ ಸಾಧ್ಯತೆ ಹೆಚ್ಚು. ಅದನ್ನು ಹುಡುಕಿ ತೆರೆಯುವುದು ವೈದ್ಯರ ಕೆಲಸ. ಮೊಳೆ ಚುಚ್ಚಿದ್ದರೆ ಕೀಳುವ ಮುನ್ನ ಎಲ್ಲಿ, ಯಾವ ಕೋನದಲ್ಲಿ ಇದೆ ಎಂದು ಫೋಟೊ ತೆಗೆಯಿರಿ. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತದೆ. ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು ಲಸಿಕೆ, ಆಮೇಲೆ ವರ್ಷಕ್ಕೊಂದು ತಪ್ಪಿಸಬೇಡಿ.

ಲಾಳ, ಗೊರಸು ಎಷ್ಟು ದಿನಕ್ಕೊಮ್ಮೆ ನೋಡಿಸಬೇಕು?

ಆರರಿಂದ ಎಂಟು ವಾರಕ್ಕೊಮ್ಮೆ. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರು ಬೆಳೆಯುತ್ತದೆ. ತುದಿ ಉದ್ದವಾಗಿ ಹಿಮ್ಮಡಿ ಕುಸಿದರೆ ಕಾಲಿನ ಹಿಂಬದಿಯ ಸ್ನಾಯುರಜ್ಜು ಪ್ರತಿ ಹೆಜ್ಜೆಗೂ ಹೆಚ್ಚು ಎಳೆಯಲ್ಪಡುತ್ತದೆ. ಲಾಳ ಹೊಡೆಯುವವರು ದೂರದಿಂದ ಬರಬೇಕಾದ್ದರಿಂದ ಹನ್ನೆರಡು, ಹದಿನಾಲ್ಕು ವಾರ ಎಳೆಯುವುದು ಇಲ್ಲಿ ಸಾಮಾನ್ಯ. ಅಕ್ಕಪಕ್ಕದ ಕುದುರೆಯವರು ಸೇರಿ ಒಂದೇ ದಿನ ಕರೆಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಗೊರಸು ಓರೆಯಿರುವಾಗ ಬೆನ್ನಿಗೆ ಆಸ್ಟಿಯೋಪತಿ ಮಾಡಿಸಿದರೆ ಒಂದು ವಾರದಲ್ಲಿ ಬಿಗಿತ ಮರಳಿ ಬರುತ್ತದೆ. ಮೊದಲು ಕೆತ್ತನೆ, ನಂತರ ಚಿಕಿತ್ಸೆ.

ಜೀನು ಸರಿಯಾಗಿದೆಯೇ ಎಂದು ನಾವೇ ನೋಡಬಹುದೇ?

ನೋಡಬಹುದು. ಕೆಳಗೆ ಬಟ್ಟೆ ಹಾಕದೆ ಜೀನನ್ನು ಬೆನ್ನ ಮೇಲಿಡಿ. ಕುತ್ತಿಗೆ ಮುಗಿಯುವಲ್ಲಿನ ಎತ್ತರದ ಉಬ್ಬಿಗೂ ಜೀನಿಗೂ ನಡುವೆ, ಸವಾರ ಕುಳಿತಾಗಲೂ, ಎರಡು ಮೂರು ಬೆರಳು ಸಂದಿ ಇರಬೇಕು. ನಡುವಿನ ಕಾಲುವೆ ಮೂರು ನಾಲ್ಕು ಬೆರಳು ಅಗಲವಿದ್ದು ಬೆನ್ನೆಲುಬಿನ ಮೇಲೆ ಎಲ್ಲೂ ತಾಗಬಾರದು. ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಹಿಂಬಾಲಿಸಿ ಬೆನ್ನಿನವರೆಗೆ ಬನ್ನಿ, ಅದು 18ನೆಯ ಮೂಳೆ. ಜೀನು ಅದನ್ನು ದಾಟಿ ಹಿಂದಕ್ಕೆ ಹೋಗಬಾರದು, ಅಲ್ಲಿಂದಾಚೆ ಭಾರ ಹೊರಲು ಪಕ್ಕೆಲುಬುಗಳ ಆಸರೆ ಇಲ್ಲ. ಸವಾರಿ ಮುಗಿಸಿ ಬಿಚ್ಚಿದಾಗ ಬೆವರಿನ ನಡುವೆ ಒಣಗಿದ ಮಚ್ಚೆ ಕಂಡರೆ ಅಲ್ಲಿ ಒತ್ತಡ ಅತಿಯಾಗಿರಬಹುದು, ಇಲ್ಲವೇ ಜೀನು ಅಲ್ಲಿ ತಾಗುತ್ತಲೇ ಇಲ್ಲ. ಒತ್ತಿನೋಡಿ ನಿರ್ಧರಿಸಿ.

ಒಂದೇ ಜೀನನ್ನು ನಾಲ್ಕು ಕುದುರೆಗೆ ಹಾಕುವ ಅಭ್ಯಾಸ ಪ್ರವಾಸಿಗರ ಸವಾರಿಯಲ್ಲಿ ಕಾಣುತ್ತದೆ. ಸಂದಿ ತುಂಬಲು ಎರಡು ಮೂರು ಕಂಬಳಿ ಮಡಚಿ ಹಾಕುತ್ತಾರೆ. ಬಿಗಿಯಾದ ಜೀನಿಗೆ ಇನ್ನಷ್ಟು ದಪ್ಪ ಸೇರಿದರೆ ಒತ್ತಡ ಹೆಚ್ಚೇ ಆಗುತ್ತದೆ.

ಎಷ್ಟು ತೂಕದವರನ್ನು ಕೂರಿಸಬಹುದು?

ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಶೇ 20 ದಾಟಬಾರದು. ನಮ್ಮ ಏರಿಳಿತದ ದಾರಿಗಳಲ್ಲಿ ಶೇ 15ಕ್ಕೆ ನಿಲ್ಲಿಸುವುದು ಒಳ್ಳೆಯದು ಎಂದು ನಮ್ಮ ಸಲಹೆ. ತೂಕದ ಯಂತ್ರ ಇಲ್ಲದಿದ್ದರೆ ಟೇಪಿನಿಂದ ಲೆಕ್ಕ ಹಾಕಿ: ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ಬಂದದ್ದನ್ನು ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 150 ಇದ್ದರೆ ಸುಮಾರು 323 ಕಿಲೊ. ಅದರ ಶೇ 20 ಎಂದರೆ 64 ಕಿಲೊ, ಶೇ 15 ಎಂದರೆ 48. ಜೀನೇ ಏಳೆಂಟು ಕಿಲೊ ಇರುತ್ತದೆ. ಆ ಕುದುರೆಗೆ 80 ಕಿಲೊದ ಪ್ರವಾಸಿಗರನ್ನು ಹತ್ತಿಸಿ, ತಿಂಗಳಿಗೊಮ್ಮೆ ಬೆನ್ನಿಗೆ ಚಿಕಿತ್ಸೆ ಕೊಡಿಸಿದರೆ ಏನೂ ಸಾಧಿಸಿದಂತಾಗುವುದಿಲ್ಲ.

ಮೇವಿಗೂ ಕೀಲುನೋವಿಗೂ ಸಂಬಂಧ ಇದೆಯೇ?

ಬಹಳ ಇದೆ. ಕೊಡಗಿನಲ್ಲಿ ಮೇವಿನ ಕಡೆಗೆ ಯಾರ ಅನುಮಾನವೂ ಹೋಗದಿರುವುದು ನಮಗೆ ಹೆಚ್ಚು ಚಿಂತೆ ಹುಟ್ಟಿಸುವ ವಿಷಯ.

ಸಾಮಾನ್ಯವಾಗಿ ಹಾಕುವುದು ನೇಪಿಯರ್ ಹುಲ್ಲು, ಭತ್ತದ ಹುಲ್ಲು, ತೌಡು ಅಥವಾ ಬೂಸಾ, ಬೇಯಿಸಿದ ಹುರುಳಿ. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಎಂಬ ವಸ್ತು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಕರುಳು ಅದನ್ನು ಹೀರಿಕೊಳ್ಳಲಾಗುವುದಿಲ್ಲ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಮೊದಲೇ ಒಡೆಯುವುದರಿಂದ ಹಸುವಿಗೆ ಅಷ್ಟು ತೊಂದರೆಯಿಲ್ಲ, ಕುದುರೆಗೆ ಆ ಅನುಕೂಲವಿಲ್ಲ. ಬೂಸಾದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಸುಮಾರು ಹತ್ತು ಪಟ್ಟು ಹೆಚ್ಚು, ತೌಡಿನಲ್ಲಿ ಅದಕ್ಕೂ ಮೀರಿ. ಮೇವಿನಲ್ಲಿ ಕ್ಯಾಲ್ಸಿಯಂ ಕನಿಷ್ಠ ರಂಜಕದಷ್ಟಾದರೂ ಇರಬೇಕು, ಒಂದೂವರೆಯಿಂದ ಎರಡು ಪಟ್ಟು ಇದ್ದರೆ ಉತ್ತಮ. ಆಕ್ಸಲೇಟ್, ಅತಿಯಾದ ರಂಜಕ ಎರಡೂ ಸೇರಿದಾಗ ದೇಹ ತನ್ನ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಕ್ಯಾಲ್ಸಿಯಂ ಒದಗಿಸುತ್ತದೆ.

ಮೊದಲು ಕಾಣುವುದು ಇವತ್ತು ಈ ಕಾಲು, ನಾಳೆ ಆ ಕಾಲು ಎಂಬಂತೆ ಬದಲಾಗುವ ಕುಂಟು, ಗಿಡ್ಡ ಹೆಜ್ಜೆ, ಮುಟ್ಟಿದರೆ ನೋವು. ಆಮೇಲೆ ದವಡೆ, ಮೂಗಿನ ಎರಡೂ ಬದಿಯ ಮೂಳೆಗಳು ಊದಿಕೊಳ್ಳುತ್ತವೆ. ಹೀಗಾಗಿ ಇದಕ್ಕೆ ದೊಡ್ಡತಲೆ ರೋಗ ಎನ್ನುತ್ತಾರೆ. ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಎಷ್ಟೋ ಸಲ ಸರಿಯಾಗಿಯೇ ಬರುತ್ತದೆ, ಏಕೆಂದರೆ ಮೂಳೆ ಅದನ್ನು ಸರಿದೂಗಿಸುತ್ತಿರುತ್ತದೆ. ಮೂತ್ರದಲ್ಲಿ ರಂಜಕ ಎಷ್ಟು ಹೋಗುತ್ತಿದೆ ಎಂಬ ಪರೀಕ್ಷೆ ಹೆಚ್ಚು ನಂಬಲರ್ಹ. ಇಂಥ ಮೂಳೆಯ ಮೇಲೆ ಜೋರಾದ ಕೈಚಿಕಿತ್ಸೆ ಮಾಡಿದರೆ ಮುರಿಯುವ ಅಪಾಯವಿದೆ.

ಸರಿಪಡಿಸುವುದು ಹೀಗೆ. ತೌಡು, ಬೂಸಾ ಕಡಿಮೆ ಮಾಡಿ. ನೇಪಿಯರ್‌ನ ಒಂದು ಪಾಲಿನ ಬದಲು ಒಣಗಿಸಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಕೊಡಿ, ಅದರಲ್ಲಿ ಕ್ಯಾಲ್ಸಿಯಂ ಹೇರಳ. ಮೈಸೂರು, ಹಾಸನ ಕಡೆಯಿಂದ ತರಿಸಿಕೊಳ್ಳಬಹುದು. 350 ಕಿಲೊದ, ಕೆಲಸವಿಲ್ಲದ ದೊಡ್ಡ ಕುದುರೆಗೆ ದಿನಕ್ಕೆ ಸುಮಾರು 14 ಗ್ರಾಂ ಕ್ಯಾಲ್ಸಿಯಂ ಬೇಕು. ಆಕ್ಸಲೇಟ್ ಇರುವ ಹುಲ್ಲು ತಿನ್ನುವುದಕ್ಕೆ ಇನ್ನೂ ಹೆಚ್ಚು. ಆಹಾರ ದರ್ಜೆಯ ಸುಣ್ಣಕಲ್ಲಿನ ಪುಡಿಯಲ್ಲಿ ಶೇ 38ರಷ್ಟು ಕ್ಯಾಲ್ಸಿಯಂ ಇರುತ್ತದೆ, ಎಷ್ಟು ಬೆರೆಸಬೇಕೆಂದು ಮೇವು ನೋಡಿ ವೈದ್ಯರು ಹೇಳಲಿ. ಬೋರ್ಡೋಗೆ ತಂದ ಸುಟ್ಟ ಸುಣ್ಣವನ್ನೂ ತೋಟದ ಮಣ್ಣಿಗೆ ಹಾಕುವ ಸುಣ್ಣವನ್ನೂ ಎಂದಿಗೂ ತಿನ್ನಿಸಬೇಡಿ.

ಒಟ್ಟು ಮೇವು ಒಣತೂಕದ ಲೆಕ್ಕದಲ್ಲಿ ಮೈತೂಕದ ಶೇ 1.5ರಿಂದ 2, ಅಂದರೆ ಈ ಕುದುರೆಗೆ ಐದೂಕಾಲರಿಂದ ಏಳು ಕಿಲೊ. ಹಸಿ ನೇಪಿಯರ್‌ನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಕೋಳಿ ಆಹಾರ ಮತ್ತು ದನದ ಕೆಲವು ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಮದ್ದು ಕುದುರೆಯ ಹೃದಯವನ್ನೂ ಸ್ನಾಯುವನ್ನೂ ನಾಶಮಾಡುತ್ತದೆ, ಚೂರೇ ಸಾಕು ಸಾಯಲು. ಆ ಚೀಲಗಳನ್ನು ಲಾಯದ ಹತ್ತಿರವೂ ಇಡಬೇಡಿ.

ರೇಸ್ ಬಿಟ್ಟ ಕುದುರೆ ತಂದಿದ್ದೇವೆ. ಏನು ನೋಡಬೇಕು?

ಮೈಸೂರು, ಬೆಂಗಳೂರಿನಿಂದ ಬರುವ, ರೇಸಿನ ತಳಿಯಾದ ಥರೋಬ್ರೆಡ್‌ಗಳಲ್ಲಿ ಎರಡು ಹಳೆಯ ಪೆಟ್ಟುಗಳು ಹೆಚ್ಚು. ಮೊಣಕಾಲಿನ ಕೆಳಗೆ ಹಿಂಬದಿಯ ಸ್ನಾಯುರಜ್ಜು ಬಿಲ್ಲಿನಂತೆ ಉಬ್ಬಿರುವುದು ಒಂದು. ಬೆನ್ನಿನ ಮೂಳೆಗಳ ಮೇಲ್ತುದಿಗಳು ಒಂದಕ್ಕೊಂದು ಒತ್ತಿಕೊಂಡಿರುವುದು ಇನ್ನೊಂದು. ಇದು ಜೀನು ಕೂರುವ ಜಾಗದಲ್ಲೇ ಆಗುತ್ತದೆ, ಎಕ್ಸ್-ರೇಯಲ್ಲಿ ಕಾಣುತ್ತದೆ. ಹಾಗೆಂದು ಎಕ್ಸ್-ರೇಯಲ್ಲಿ ಕಂಡದ್ದೆಲ್ಲ ನೋಯುತ್ತಿರುವುದಿಲ್ಲ. ತಂದ ಕೂಡಲೇ ಬೆಟ್ಟ ಹತ್ತಿಸದೆ ಎರಡು ಮೂರು ತಿಂಗಳು ಬಯಲಲ್ಲಿ ಬಿಡಿ, ಕಾಳನ್ನು ಹಂತಹಂತವಾಗಿ ಇಳಿಸಿ.

ಮಳೆಗಾಲದ ಬಿಡುವಿನ ನಂತರ ಕೆಲಸ ಹೇಗೆ ಶುರುಮಾಡುವುದು?

ದಸರಾ ರಜೆಗೆ ಪ್ರವಾಸಿಗರು ಬಂದರೆಂದು ಮೂರು ತಿಂಗಳು ನಿಂತಿದ್ದ ಕುದುರೆಯನ್ನು ಒಮ್ಮೆಲೇ ಹೊರಗೆಳೆಯುವುದೇ ಗಾಯಕ್ಕೆ ದಾರಿ. ಸ್ನಾಯು ವಾರಗಳಲ್ಲಿ ಗಟ್ಟಿಯಾಗುತ್ತದೆ, ರಜ್ಜು ಮತ್ತು ಮೂಳೆಗೆ ತಿಂಗಳುಗಳು ಬೇಕು. ಮೊದಲ ಎರಡು ವಾರ ಸಮತಟ್ಟಿನಲ್ಲಿ 20–30 ನಿಮಿಷ ನಡಿಗೆ, ವಾರಕ್ಕೆ ಐದು ದಿನ. ಮೂರು, ನಾಲ್ಕನೆಯ ವಾರ 40–45 ನಿಮಿಷ, ಸಣ್ಣ ಏರು ಸೇರಿಸಿ. ಐದು, ಆರನೆಯ ವಾರ ಒಂದೆರಡು ನಿಮಿಷದ ಟ್ರಾಟ್ ತುಂಡುಗಳು. ನಿಧಾನವಾಗಿ ಏರು ಹತ್ತುವುದು ಹಿಂಭಾಗಕ್ಕೂ ಬೆನ್ನಿಗೂ ಒಳ್ಳೆಯ ಕಸರತ್ತು. ಇಳಿಯುವಾಗ ಭಾರವೆಲ್ಲ ಮುಂಗಾಲಿಗೆ, ಹಾಗಾಗಿ ನಡಿಗೆ ಮಾತ್ರ, ಕಡಿದಾದ ಕಾಂಕ್ರೀಟ್ ಇಳಿಜಾರಿನಲ್ಲಿ ಸವಾರ ಇಳಿದು ನಡೆಯಬೇಕು.

ಮನೆಯಲ್ಲೇ ಮಾಡಬಹುದಾದ ವ್ಯಾಯಾಮ ಯಾವುದು?

ಕ್ಯಾರೆಟ್ ತೋರಿಸಿ ಕುದುರೆ ತಾನೇ ಬಾಗುವಂತೆ ಮಾಡುವುದು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 8 ಕುದುರೆಗಳಿಗೆ ವಾರಕ್ಕೆ 5 ದಿನ, 3 ತಿಂಗಳು ಇದನ್ನು ಮಾಡಿಸಿದಾಗ ಬೆನ್ನೆಲುಬಿಗೆ ಅಂಟಿಕೊಂಡು ಅದನ್ನು ಸ್ಥಿರವಾಗಿಡುವ ಆಳದ ಸ್ನಾಯು ದಪ್ಪವಾದದ್ದು ಅಲ್ಟ್ರಾಸೌಂಡಿನಲ್ಲಿ ಕಂಡಿತು.

ಹತ್ತು ನಿಮಿಷ ನಡೆಸಿ ಮೈ ಬಿಸಿಯಾದ ಮೇಲೆ, ಜಾರದ ನೆಲದಲ್ಲಿ ಸಮ ನಿಲ್ಲಿಸಿ. ಗದ್ದ ಎದೆಗೆ, ಆಮೇಲೆ ಮೊಣಕಾಲುಗಳ ನಡುವೆ, ಆಮೇಲೆ ಗೊರಸಿನ ಮೇಲಿನ ಗಂಟುಗಳ ನಡುವೆ. ಪಕ್ಕಕ್ಕೆ: ಹೊಟ್ಟೆಪಟ್ಟಿಯ ಜಾಗಕ್ಕೆ, ತೊಡೆಯ ಕಡೆಗೆ, ಹಿಂಗಾಲಿನ ಗಂಟಿನ ಕಡೆಗೆ. ಪ್ರತಿ ಭಂಗಿ ಐದು ಸೆಕೆಂಡು, ಐದು ಸಲ, ಎರಡೂ ಬದಿಗೆ. ಕಸಿದುಕೊಳ್ಳುವಂತೆ ಕುತ್ತಿಗೆ ಬೀಸಿದರೆ ಉಪಯೋಗವಿಲ್ಲ, ನಿಧಾನ ಬರಬೇಕು. ಕಾಲು ಸರಿಸಿ ತಪ್ಪಿಸಿಕೊಂಡರೆ ನೀವು ಕೇಳಿದ್ದು ಅತಿಯಾಯಿತು ಎಂದರ್ಥ, ಕಡಿಮೆ ಮಾಡಿ. ಕುತ್ತಿಗೆಗೆ ಹೊಸ ಪೆಟ್ಟು ಬಿದ್ದಿದ್ದರೆ ಬೇಡ.

ಚಿಕಿತ್ಸೆಯ ದಿನ, ಅದರ ಮರುದಿನ ಏನು ಮಾಡಬೇಕು? ಎಷ್ಟು ಸಲ ಬೇಕು?

ಕುದುರೆ ಒಣಗಿ, ಮಣ್ಣು ತೆಗೆದು, ಮೇವು ತಿಂದಿರಲಿ. ನೋವಿನ ಮದ್ದು ಕೊಟ್ಟಿದ್ದರೆ ಹೇಳಲೇಬೇಕು, ಇಲ್ಲದಿದ್ದರೆ ಪರೀಕ್ಷೆ ದಾರಿತಪ್ಪುತ್ತದೆ. ಒಂದು ಗಂಟೆಯ ಆಸುಪಾಸು ಹಿಡಿಯುತ್ತದೆ. ಆಕಳಿಸುವುದು, ತುಟಿ ಜೋಲಿಸುವುದು, ತಲೆ ತಗ್ಗಿಸುವುದು ಸಡಿಲಗೊಂಡ ಗುರುತು. ಮುಂದಿನ ಎರಡು ಮೂರು ದಿನ ಸವಾರಿ ಬೇಡ, ಕೈಯಲ್ಲಿ ಹಿಡಿದು ನಡೆಸಿ, ಸಾಧ್ಯವಾದರೆ ಬಯಲಲ್ಲಿ ಬಿಡಿ. ಎರಡು ದಿನ ಮೈ ಸ್ವಲ್ಪ ನೊಂದಂತೆ ಇರಬಹುದು. ಅದಕ್ಕೂ ಮೀರಿದರೆ, ಕುಂಟು ಹೆಚ್ಚಾದರೆ ವೈದ್ಯರಿಗೆ ತೋರಿಸಿ.

ಎರಡು ಮೂರು ಸಲ ಮಾಡಿಸಿಯೂ ಚಿತ್ರೀಕರಿಸಿಟ್ಟ ನಡಿಗೆಯಲ್ಲಿ ಬದಲಾವಣೆ ಕಾಣದಿದ್ದರೆ ನಿಲ್ಲಿಸಿ, ಕಾರಣವನ್ನು ಮತ್ತೆ ಹುಡುಕಿಸಿ. "ಇನ್ನೂ ಹತ್ತು ಸಲ ಬೇಕು" ಎಂಬ ಮಾತಿಗೆ ಒಪ್ಪಬೇಡಿ.

ಕಾಲಿನ ಹಿಂಬದಿ ಬಿಸಿಯಾಗಿ ಊದಿದೆ. ಮಾಲೀಸು ಮಾಡಬಹುದೇ?

ಬೇಡ. ಅದು ಸ್ನಾಯುರಜ್ಜಿನ ಎಳೆಗಳು ಹರಿದ ಗುರುತಾಗಿರಬಹುದು. ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ 20 ನಿಮಿಷ ತಣ್ಣೀರು ಹಾಯಿಸಿ, ಲಾಯದಲ್ಲೇ ನಿಲ್ಲಿಸಿ. ಒಂದು ವಾರದ ನಂತರ ಮಾಡುವ ಅಲ್ಟ್ರಾಸೌಂಡಿನಲ್ಲಿ ಗಾಯ ಸ್ಪಷ್ಟವಾಗಿ ಕಾಣುತ್ತದೆ. ಪೂರ್ತಿ ಕೆಲಸಕ್ಕೆ ಮರಳಲು 9ರಿಂದ 12 ತಿಂಗಳು ಹಿಡಿಯುತ್ತದೆ. ಊತ ಇಳಿದ ತಕ್ಷಣ ಓಡಿಸಿದರೆ ಅದೇ ಜಾಗ ಮತ್ತೆ ಹರಿಯುತ್ತದೆ.

ನೋವಿನ ಮಾತ್ರೆ ಕೊಟ್ಟು ಸವಾರಿ ಮುಂದುವರಿಸಬಹುದೇ?

ಕೂಡದು. ಮದ್ದು ನೋವನ್ನು ಮರೆಸಿ ಗಾಯವನ್ನು ಆಳ ಮಾಡುತ್ತದೆ. ಫಿನೈಲ್‌ಬ್ಯೂಟಜೋನ್ ಹೆಚ್ಚಾದರೆ ಹೊಟ್ಟೆಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಅದರ ಚುಚ್ಚುಮದ್ದು ರಕ್ತನಾಳದಿಂದ ಹೊರಗೆ ಹೋದರೆ ಸುತ್ತಲಿನ ಮಾಂಸ ಕೊಳೆಯುತ್ತದೆ. ಡೈಕ್ಲೋಫೆನಾಕ್ ಅನ್ನು ಪ್ರಾಣಿಗಳಿಗೆ ಬಳಸುವುದನ್ನು 2006ರಲ್ಲೇ ನಿಷೇಧಿಸಲಾಗಿದೆ, 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಸೇರಿದವು. ಈ ಮದ್ದು ಉಳಿದ ಕಳೇಬರ ತಿಂದ ರಣಹದ್ದುಗಳು ಸಾಯುತ್ತವೆ. ನಾಗರಹೊಳೆಯ ಅಂಚಿನಲ್ಲಿ ಕುದುರೆ ಸಾಕುವವರು ಇದನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ಮನುಷ್ಯರ ಡೈಕ್ಲೋಫೆನಾಕ್ ಚುಚ್ಚುಮದ್ದನ್ನು ಔಷಧಿ ಅಂಗಡಿಯಿಂದ ತಂದು ಕುದುರೆಗೆ ಕೊಡುವುದೂ ಅದೇ ತಪ್ಪು. ರಣಹದ್ದಿಗೆ ಸುರಕ್ಷಿತವಾದ ಮೆಲಾಕ್ಸಿಕಾಂ ಕೇಳಿ.

ಮರಿಕುದುರೆಗೆ ಯಾವ ವಯಸ್ಸಿನಿಂದ ಕೆಲಸ ಕೊಡಬಹುದು?

ಮೂರು ವರ್ಷಕ್ಕೆ ಮೊದಲು ಬೆನ್ನ ಮೇಲೆ ಭಾರ ಬೇಡ. ಮೊಣಕಾಲಿನ ಮೇಲಿನ ಮೂಳೆಯ ಬೆಳವಣಿಗೆ ಎರಡೂವರೆ ವರ್ಷದ ಹೊತ್ತಿಗೆ ಮುಗಿದರೂ ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಹಗ್ಗದಲ್ಲಿ ಸಣ್ಣ ಸುತ್ತು ಓಡಿಸುವುದನ್ನೂ ಮಿತಿಯಲ್ಲಿಡಿ.

ಎಕ್ಸ್-ರೇ, ಅಲ್ಟ್ರಾಸೌಂಡ್ ಎಲ್ಲಿ ಮಾಡಿಸುವುದು?

ಮೊದಲು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ತೋರಿಸಿ. ತುರ್ತಿಗೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾಲಯ ಬರುತ್ತದೆ. ಮುಂದಿನ ಪರೀಕ್ಷೆಗೆ ಹಾಸನದ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇವೆ. ಹೋಗುವ ಮುನ್ನ ಕುದುರೆಗೆ ಬೇಕಾದ ಯಂತ್ರ ಆ ದಿನ ಸಿಗುತ್ತದೆಯೇ ಎಂದು ಫೋನಿನಲ್ಲಿ ಖಚಿತಪಡಿಸಿಕೊಳ್ಳಿ. ಸಾಗಿಸುವಾಗ ವಾಹನದ ನೆಲಕ್ಕೆ ರಬ್ಬರ್ ಹಾಸು ಹಾಕಿ, ತಲೆ ತಗ್ಗಿಸಿ ಕೆಮ್ಮಲಾಗುವಷ್ಟು ಹಗ್ಗ ಸಡಿಲ ಬಿಡಿ, ಘಟ್ಟದ ತಿರುವುಗಳಲ್ಲಿ ನಿಧಾನ ಹೋಗಲು ಚಾಲಕರಿಗೆ ಹೇಳಿ. ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಿ. ಜೊತೆಗೆ ನಡಿಗೆಯ ವಿಡಿಯೊ, ಗೊರಸು ಕೆತ್ತಿಸಿದ ದಿನಾಂಕ, ದಿನದ ಮೇವಿನ ಪಟ್ಟಿ ಮತ್ತು ಜೀನನ್ನು ತೆಗೆದುಕೊಂಡು ಹೋಗಿ.